ರುಚಿಯಕ್ಕನ ಮೂಗು

ಮೊದಲ ತಟ್ಟೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿಯುವಷ್ಟರಲ್ಲಿ ರುಚಿಯಕ್ಕನಿಗೆ ಗೊತ್ತಾಯಿತು, ಇವತ್ತೂ ವಾಸನೆ ಬಂದಿಲ್ಲ.

ಎದುರಿಗೆ ಐದು ಬಿಳಿ ತಟ್ಟೆಗಳಿದ್ದವು. ಒಂದೊಂದರಲ್ಲೂ ಸಿಪ್ಪೆ ಹೆರೆದ ಸೇಬಿನ ನಾಲ್ಕು ಹೋಳು. ಯಾವ ತಟ್ಟೆಯಲ್ಲಿ ಯಾವ ಜಾತಿ ಎಂಬುದು ತಟ್ಟೆಯ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಮಾತ್ರ ಇತ್ತು. ಬಣ್ಣ ಕಂಡರೆ ನಾಲಿಗೆ ಮೋಸಹೋಗುತ್ತದೆ, ಅದಕ್ಕೇ ಸಿಪ್ಪೆ ಇರಕೂಡದು, ಹೆಸರು ಕಾಣಕೂಡದು ಎಂದು ಹದಿನೆಂಟು ವರ್ಷದ ಹಿಂದೆ ಕಟ್ಟುನಿಟ್ಟು ಮಾಡಿದವಳು ಅವಳೇ. ಈಗ ಅದು ಅವಳ ಕುತ್ತಿಗೆಗೇ ಬಂದಿತ್ತು.

"ಏನಕ್ಕಾ, ಮೊದಲನೇದು ಯಾವುದು?" ಮ್ಯಾನೇಜರ್ ಪೆನ್ನು ಹಿಡಿದುಕೊಂಡು ಕೇಳಿದ.

ಅವಳು ಅವಸರ ಮಾಡಲಿಲ್ಲ. ಹೋಳು ಹಲ್ಲಿಗೆ ಕರಕ್ಕೆಂದು ಸಿಕ್ಕಿತ್ತು, ಬಾಯಿ ತುಂಬ ರಸ, ಹುಳಿ ಹೆಸರಿಗಷ್ಟೇ. "ಫ್ಯೂಜಿ" ಎಂದಳು. ಎರಡನೆಯದು ಹಿಟ್ಟು ಹಿಟ್ಟಾಗಿ ಕರಗಿತು. "ರೆಡ್ ಡೆಲಿಷಿಯಸ್. ವಯಸ್ಸಾಗಿದೆ." ಮೂರನೆಯದು ದವಡೆ ಹಿಂಡುವ ಹುಳಿ. ಅದು ಗ್ರಾನಿ ಸ್ಮಿತ್, ಕೆಲಸದವರ ಬಾಯಲ್ಲಿ ಹಸಿರಜ್ಜಿ. ಅದನ್ನು ಯಾರು ಬೇಕಾದರೂ ಹೇಳಿಯಾರು. ಪೇಚಿಗಿಟ್ಟುಕೊಂಡದ್ದು ಕೊನೆಯ ಎರಡು, ಗಾಲಾ ಮತ್ತು ಗೋಲ್ಡನ್. ಎರಡೂ ಮೆತ್ತಗೆ, ಎರಡೂ ಸಿಹಿ. ಹಿಂದೆಯಾಗಿದ್ದರೆ ತಟ್ಟೆ ಹತ್ತಿರ ಬರುವ ಮೊದಲೇ ಹೇಳುತ್ತಿದ್ದಳು: ಗಾಲಾದಲ್ಲಿ ಈಗಷ್ಟೇ ಅರಳಿದ ಹೂವಿನ ಪರಿಮಳ, ಗೋಲ್ಡನ್‌ನಲ್ಲಿ ಜೇನಿನದು, ಅದರ ಹಿಂದೆ ಸಣ್ಣಗೆ ಕಳಿತ ಬಾಳೆಹಣ್ಣಿನದು. ಈಗ ಎರಡೂ ಬರೀ ಸಕ್ಕರೆ ನೀರು. ಮ್ಯಾನೇಜರ್ ಪುಟ ತಿರುಗಿಸುವಾಗ ಅವಳು ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದರ ತಿರುಳು ಒಂದು ಎಳೆ ಹಳದಿ.

"ನಾಲ್ಕನೇದು ಗೋಲ್ಡನ್. ಐದನೇದು ಗಾಲಾ."

ಮ್ಯಾನೇಜರ್ ತಟ್ಟೆಗಳನ್ನು ಮಗುಚಿ ನೋಡಿ ನಕ್ಕ. "ನಿಮ್ಮನ್ನ ಕೇಳೋದೇ ತಪ್ಪು. ಈ ಗೋಲ್ಡನ್ ಇನ್ನೆಷ್ಟು ದಿನ ಇಡಬಹುದು?"

ಅದನ್ನು ಹೇಳಬೇಕಾದ್ದು ಮೂಗು. ಒಳಗೊಳಗೇ ಕೆಡತೊಡಗಿದ ಹಣ್ಣಿಗೆ ಸಣ್ಣ ಘಾಟು ಹತ್ತಿರುತ್ತದೆ. ಹಲ್ಲಿಗೆ, ನಾಲಿಗೆಗೆ ಅದು ತಿಳಿಯುವುದಿಲ್ಲ.

"ಎರಡು ತಿಂಗಳು ಧಾರಾಳವಾಗಿ" ಎಂದಳು.

ಹಣ್ಣಿನ ಆ ಕೋಲ್ಡ್ ಸ್ಟೋರೇಜಿನಲ್ಲಿ ಆರು ದೊಡ್ಡ ಕೋಣೆಗಳಿದ್ದವು. ತೋಟಗಳಿಂದ ಬರುವ ಸೇಬು ಅಲ್ಲಿ ತಿಂಗಳುಗಟ್ಟಲೆ ಚಳಿಯಲ್ಲಿ ಕೂರುತ್ತಿತ್ತು. ಯಾವುದನ್ನು ಈಗಲೇ ಪೇಟೆಗೆ ಕಳಿಸಬೇಕು, ಯಾವುದನ್ನು ತಡೆಹಿಡಿಯಬೇಕು, ಯಾವುದು ಜ್ಯೂಸಿಗೇ ಲಾಯಕ್ಕು ಎಂದು ಕಚ್ಚಿ ನೋಡಿ ಹೇಳುವುದು ಅವಳ ಕೆಲಸ. ಅವಳಿಗೆ ಹೆತ್ತವರಿಟ್ಟ ಹೆಸರು ಸಂಬಳದವರ ಪಟ್ಟಿಯಲ್ಲಿತ್ತು, ಅಷ್ಟೇ. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಅವಳು ರುಚಿಯಕ್ಕ. ಒಮ್ಮೆ ಒಂದೇ ಒಂದು ಹೋಳು ತಿಂದು, "ಈ ಹಣ್ಣು ಈರುಳ್ಳಿ ಮೂಟೆ ಜೊತೆ ಲಾರಿಯಲ್ಲಿ ಬಂದಿದೆ" ಎಂದಿದ್ದಳು. ಡ್ರೈವರ್ ಆಣೆ ಪ್ರಮಾಣ ಮಾಡಿದ, ಆಮೇಲೆ ಲಾರಿಯ ಮೂಲೆಯಲ್ಲಿ ಈರುಳ್ಳಿ ಸಿಪ್ಪೆ ಸಿಕ್ಕಿತು. ರುಚಿಯಕ್ಕನ ಮುಂದೆ ಸುಳ್ಳು ಬೇಕಾದರೆ ಹೇಳಿ, ನಿನ್ನೆಯ ಸಾಕ್ಸ್ ಹಾಕಿಕೊಂಡು ಮಾತ್ರ ಬರಬೇಡಿ ಎಂದು ಅಲ್ಲಿ ಹೊಸಬರಿಗೆ ಹೇಳುತ್ತಿದ್ದರು.

ಮೂರು ವಾರದ ಹಿಂದೆ ಅವಳಿಗೆ ನೆಗಡಿ ಜ್ವರ ಬಂದು ನಾಲ್ಕು ದಿನ ಮಲಗಿಸಿತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಮೂಗು ಕಟ್ಟಿರಲಿಲ್ಲ, ಉಸಿರು ಸರಾಗವಾಗಿತ್ತು. ಆದರೆ ಸಾಮಾನು ಖಾಲಿ ಮಾಡಿದ ಮನೆಯೊಳಗೆ ಗಾಳಿ ಸುಳಿದಂತೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಸೋಪಿಗೆ ವಾಸನೆಯಿಲ್ಲ, ಗಂಡನ ಅಂಗಿಗೆ ವಾಸನೆಯಿಲ್ಲ, ಬೆವರಿಗೆ ವಾಸನೆಯಿಲ್ಲ. ನಾಳೆ ಬಂದೀತು ಎಂದುಕೊಂಡು ಇಪ್ಪತ್ತು ನಾಳೆಗಳು ಕಳೆದಿದ್ದವು.

ಕೆಲಸ ಹೋದರೆ ಊಟಕ್ಕೇನೂ ತತ್ವಾರವಿರಲಿಲ್ಲ. ಗಂಡನ ಹೊಲಿಗೆ ಅಂಗಡಿ ನಡೆಯುತ್ತಿತ್ತು. ಅವಳ ಹೆದರಿಕೆ ಬೇರೆಯದು. ಐವತ್ತೊಂದನೇ ವಯಸ್ಸಿನಲ್ಲಿ ರುಚಿಯಕ್ಕನೇ ಇಲ್ಲದಂತಾದರೆ, ಆ ಕುರ್ಚಿಯಲ್ಲಿ ಉಳಿಯುವ ಹೆಂಗಸು ಯಾರು? ಅವಳನ್ನು ಯಾರು ಏನೆಂದು ಕರೆಯುತ್ತಾರೆ?

ಮನೆಯಲ್ಲಿ ಮೊದಲು ಹಿಡಿದವಳು ಅತ್ತೆ. ಒಂದು ಭಾನುವಾರ ಬೆಳಿಗ್ಗೆ ಒಳಕೋಣೆಯಿಂದ ಮುದುಕಿ ಕೂಗಿದಳು, "ಹಾಲು ಸೀದು ಹೋಗ್ತಿದೆ ಕಣೇ! ಎಲ್ಲಿದ್ದೀಯಾ?"

ಅವಳು ಒಲೆಗೆ ಮಾರುದೂರದಲ್ಲೇ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಪಾತ್ರೆಯ ತಳ ಕರ್ರಗಾಗಿತ್ತು. ಅತ್ತೆ ಬಂದು ಒಲೆ ಆರಿಸಿ, ಸೊಸೆಯ ಮುಖವನ್ನೊಮ್ಮೆ ನೋಡಿ, ಕಪಾಟಿನಿಂದ ಒಂದು ಡಬ್ಬಿ ತೆಗೆದಳು.

"ಕಣ್ಣು ಮುಚ್ಚು."

"ಅತ್ತೆ, ಇದೇನು ಮಕ್ಕಳಾಟ…"

"ಮುಚ್ಚು ಅಂದೆ. ಇದೇನು ಹೇಳು."

ಡಬ್ಬಿಯ ತಣ್ಣನೆ ಅಂಚು ಮೇಲ್ದುಟಿಗೆ ತಾಗುತ್ತಿತ್ತು. ಅವಳು ಜೋರಾಗಿ ಉಸಿರೆಳೆದಳು. ಏನೂ ಇಲ್ಲ. ಕಣ್ಣು ಬಿಟ್ಟರೆ ಕಾಫಿಪುಡಿ.

"ಎಷ್ಟು ದಿನ ಆಯ್ತು?"

"ಜ್ವರ ಬಂದಾಗಿಂದ."

"ಅವನಿಗೆ ಹೇಳಿದ್ಯಾ? ಕೆಲಸದಲ್ಲಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಯಾವಾಗಲೂ ಒಂದಕ್ಕೆ ನಾಲ್ಕು ಮಾತಾಡುವ ಮುದುಕಿ ಅವತ್ತು ಬೈಯಲಿಲ್ಲ. ಸೀದ ಪಾತ್ರೆಗೆ ನೀರು ಬಿಡುತ್ತಾ, "ಡಾಕ್ಟರ್ ಹತ್ರ ಹೋಗು. ಕೆಲಸದಲ್ಲೂ ಹೇಳಿಬಿಡು. ಬಚ್ಚಿಟ್ಟುಕೊಂಡು ಎಷ್ಟು ದಿನ ಅಂತ ಇರ್ತೀಯಾ?" ಎಂದಳಷ್ಟೇ.

"ನಾಳೆ ಹೇಳ್ತೀನಿ ಅತ್ತೆ."

ಸೋಮವಾರ ಬಂತು. ಮ್ಯಾನೇಜರ್ ಎದುರಿಗೇ ಬಂದ. ಬರುವ ಶುಕ್ರವಾರ ಹೊರಗಿನ ಖರೀದಿದಾರರು ಬರುತ್ತಾರೆ, ಐದೂ ಜಾತಿಯನ್ನು ಪಕ್ಕಪಕ್ಕ ಇಟ್ಟು ಅವರಿಗೆ ಅಕ್ಕನೇ ರುಚಿ ವಿವರಿಸಬೇಕು ಎಂದ. ಅವಳ ಬಾಯಿಂದ "ಆಯ್ತು" ಎಂದು ಬಂದುಬಿಟ್ಟಿತು.

ಗುರುವಾರ ಊಟವಾದ ಮೇಲೆ, ಮರುದಿನಕ್ಕೆ ಬೇಕಾದ ಹಣ್ಣು ಆರಿಸಲು ಅವಳು ನಾಲ್ಕನೇ ಕೋಣೆಗೆ ಹೋದಳು. ಜೊತೆಗೆ ಫೋರ್ಕ್‌ಲಿಫ್ಟ್ ಓಡಿಸುವ ಹೆಂಗಸು. ಅವಳಿಗೆ ಬಿರುಗಾಳಿ ಎಂದು ಅಡ್ಡಹೆಸರು. ಆ ಗಾಡಿಯನ್ನು ಕಿರಿದಾದ ಓಣಿಗಳಲ್ಲಿ ಅವಳು ತಿರುಗಿಸುವ ರಭಸ ನೋಡಿದವರಿಗೆ ಯಾಕೆಂದು ಕೇಳಬೇಕಾಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ತಾಯಿ, ಮಾತಿಗೊಮ್ಮೆ ನಗುವವಳು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು.

ಬಾಗಿಲು ಸರಿಯಿತು. ಒಳಗೆ ಮಂಕು ಹಳದಿ ದೀಪ, ಮೂಳೆಗೆ ಇಳಿಯುವ ಚಳಿ, ಫ್ಯಾನುಗಳ ಭೋರ್ ಸದ್ದು. ಮರದ ಪೆಟ್ಟಿಗೆಗಳು ಒಂದರ ಮೇಲೊಂದು ಛಾವಣಿಯವರೆಗೆ ನಿಂತು ಉದ್ದುದ್ದ ಓಣಿಗಳಾಗಿದ್ದವು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಿರುಗಾಳಿ ಗಾಡಿ ನಿಲ್ಲಿಸಿದಳು.

"ಅಕ್ಕಾ, ಏನೋ ವಾಸನೆ ಬರ್ತಿದೆ ಅಲ್ವಾ?"

"ಎಂಥದು?" ಎಂದಳು ರುಚಿಯಕ್ಕ.

"ಗೊತ್ತಿಲ್ಲ. ಕೂದಲಿಗೆ ಹಚ್ಚೋ ಬಣ್ಣ ಇರತ್ತಲ್ಲ, ಆ ಥರ. ಸಣ್ಣಗೆ. ನಿಮಗೆ ಬರ್ತಿಲ್ವಾ?"

ಎಷ್ಟೋ ವರ್ಷಗಳಿಂದ ಜನ ನೋಡಿದ್ದ ಹಾಗೆಯೇ ರುಚಿಯಕ್ಕ ತಲೆಯೆತ್ತಿ, ಕಣ್ಣು ಅರೆಮುಚ್ಚಿ, ನಿಧಾನವಾಗಿ ಉಸಿರೆಳೆದಳು. ತಣ್ಣನೆ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಗೊತ್ತಾಗುತ್ತಿಲ್ಲ ಎನ್ನಲು ಬಾಯಿ ತೆರೆದಳು. ಹಾಗೆಂದರೆ ಇವಳು ಕಣ್ಣರಳಿಸಿ ಯಾಕಕ್ಕಾ ಎನ್ನುತ್ತಾಳೆ, ಸಂಜೆಯೊಳಗೆ ಗೇಟಿನವನಿಗೂ ಗೊತ್ತಾಗಿರುತ್ತದೆ, ನಾಳೆ ಖರೀದಿದಾರರ ಮುಂದೆ…

"ಏನಿಲ್ಲ ಕಣೇ. ಪೆಟ್ಟಿಗೆ ಮರ ತೇವ ಆಗಿದೆ. ಅದರದೇ."

"ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದು ನಕ್ಕ ಬಿರುಗಾಳಿ, ಕೊನೆಯ ಸಾಲಿನ ಗಾಲಾ ಪೆಟ್ಟಿಗೆ ತರಲು ಗಾಡಿಯನ್ನು ಒಳಕ್ಕೆ ಓಡಿಸಿದಳು.

ರುಚಿಯಕ್ಕ ಹತ್ತಿರದ ಪೆಟ್ಟಿಗೆಗೆ ಕೈ ಹಾಕಿದಳು. ರೆಡ್ ಡೆಲಿಷಿಯಸ್. ಒಂದನ್ನು ತೆಗೆದು ಶಾಲಿನ ತುದಿಯಿಂದ ಒರೆಸಿದಳು. ಕೆಂಪು ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳ ಸುತ್ತ ಏನೋ ಕೊಳೆ ಕಟ್ಟಿದಂತಿತ್ತು. ಮತ್ತೆ ಒರೆಸಿದಳು. ಹೋಗಲಿಲ್ಲ. ದೀಪದ ಕೆಳಗೆ ಹಿಡಿದರೆ, ಒಂದೊಂದು ಚುಕ್ಕೆಯ ಸುತ್ತಲೂ ಕಪ್ಪು ಉಂಗುರ. ಒಂದು ಕಡೆಯ ಕೆಂಪು ನೀಲಿಗಟ್ಟಿತ್ತು, ಪೆಟ್ಟು ಬಿದ್ದ ಕೆನ್ನೆಯ ಹಾಗೆ. ಇನ್ನೊಂದು ಹಣ್ಣು ತೆಗೆದಳು. ಅದೂ ಹಾಗೇ.

ಇಂಥ ಹಣ್ಣನ್ನು ಅವಳು ಜೀವಮಾನದಲ್ಲಿ ಒಂದೇ ಸಲ ನೋಡಿದ್ದಳು. ಕೆಲಸಕ್ಕೆ ಸೇರಿದ ವರ್ಷ ಯಂತ್ರದ ಮೇಸ್ತ್ರಿ ಅಂಗೈಯಲ್ಲಿಟ್ಟುಕೊಂಡು ತೋರಿಸಿದ್ದ: "ಕೋಣೆ ತಣ್ಣಗಿಡೋಕೆ ಪೈಪಲ್ಲಿ ಅಮೋನಿಯಾ ಓಡತ್ತಮ್ಮ. ಅದು ಸೋರಿದ್ರೆ ಹಣ್ಣಿಗೆ ಹೀಗೆ ಕಪ್ಪು ಬರತ್ತೆ. ಆದ್ರೆ ನೀನು ಹಣ್ಣು ನೋಡ್ಕೊಂಡು ನಿಲ್ಲಬೇಡ. ವಾಸನೆ ಬಂದ ತಕ್ಷಣ ಓಡು."

ಹಣ್ಣು ಕೈಯಿಂದ ಜಾರಿತು. ಅದೇ ಹೊತ್ತಿಗೆ ಕಣ್ಣು ಉರಿಯತೊಡಗಿತು.

"ಏಯ್! ಬಾರೇ ಹೊರಗೆ! ಗ್ಯಾಸು!" ಎಂದು ಕೂಗಿದಳು. ಫ್ಯಾನುಗಳ ಸದ್ದು ಅವಳ ಕೂಗನ್ನು ನುಂಗಿಹಾಕಿತು. ಎರಡನೇ ಸಲ ಕೂಗುವಾಗ ಗಂಟಲಿಗೆ ಸೂಜಿ ಚುಚ್ಚಿದಂತಾಗಿ ಕೆಮ್ಮು ಬಂತು. ಓಣಿಯ ಕೊನೆಯಲ್ಲಿ, ನೆಲದ ಮೇಲೆ ಬಿಳಿ ಮಂಜಿನಂಥದ್ದು ಹರಡುತ್ತಿತ್ತು.

ಆಮೇಲೆ ಆದದ್ದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಅವಳು ಮೊದಲು ಓಡಿದ್ದು ಬಾಗಿಲಿಗೆ. ಯೋಚನೆ ಮಾಡಿ ಅಲ್ಲ, ಕಾಲುಗಳೇ ಕರೆದುಕೊಂಡು ಹೋದವು. ಬಾಗಿಲು ದೂಡಿ, ಹೊರಗಿನ ಬೆಚ್ಚನೆ ಗಾಳಿಯನ್ನು ಎರಡು ಸಲ ಬಾಯಿತುಂಬ ಎಳೆದುಕೊಂಡು, ಗೋಡೆಯ ಕೆಂಪು ಗುಂಡಿ ಒತ್ತಿದಳು. ಸೈರನ್ ಅರಚತೊಡಗಿತು. ಜನ ಬರುತ್ತಾರೆ, ಗ್ಯಾಸ್ ಮುಖವಾಡ ಇರುವವರು ಬರುತ್ತಾರೆ, ಅವರು ನೋಡಿಕೊಳ್ಳುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅವರಿರುವ ಯಂತ್ರದ ಮನೆ ಅಂಗಳದ ಆ ತುದಿಗಿತ್ತು. ಅವರು ಬರುವವರೆಗೆ? ಬಿರುಗಾಳಿ ಒಳಗೆ ಹೋದದ್ದು ಯಾರ ಮಾತು ನಂಬಿ?

ಕಾರಿಡಾರಿನ ನಲ್ಲಿಗೆ ಶಾಲು ಹಿಡಿದು ತೋಯಿಸಿ, ಮೂಗು ಬಾಯಿಗೆ ಸುತ್ತಿಕೊಂಡು, ಮತ್ತೆ ಒಳಗೆ ಹೋದಳು.

ಎಡಗೈಯನ್ನು ಪೆಟ್ಟಿಗೆಗಳ ಮೇಲೆ ಸವರುತ್ತಾ ಸಾಲು ಎಣಿಸಿದಳು. ಒಂದು, ಎರಡು, ಮೂರು. ಕಣ್ಣಿನಿಂದ ಧಾರಾಕಾರವಾಗಿ ನೀರು. ಆರನೇ ಸಾಲಿನ ಹತ್ತಿರ ಗಾಡಿಯ ದೀಪ ಮಂಜಿನೊಳಗೆ ಮಸುಕಾಗಿ ಕಂಡಿತು. ಸೀಟು ಖಾಲಿ. ಬಗ್ಗಿ ತಡಕಿದಾಗ ಗಾಡಿಯ ಹಿಂದೆ ನೆಲದ ಮೇಲೆ ಮುದುಡಿ ಕೂತ ಮೈ ಕೈಗೆ ಸಿಕ್ಕಿತು.

"ಅಕ್ಕಾ… ಕಣ್ಣು ಬಿಡೋಕಾಗ್ತಿಲ್ಲ…"

"ಮಾತಾಡಬೇಡ. ಏಳು. ನನ್ನ ಸೊಂಟ ಹಿಡ್ಕೋ."

ಒದ್ದೆ ಶಾಲು ಬಿಚ್ಚಿ ಅವಳ ಮುಖಕ್ಕೆ ಒತ್ತಿ, ತನ್ನ ಮುಖಕ್ಕೆ ರವಿಕೆಯ ತೋಳನ್ನು ಅಡ್ಡ ಹಿಡಿದು ಹಿಂದಿರುಗಿದಳು. ಆರು, ಐದು, ನಾಲ್ಕು. ಅಷ್ಟರಲ್ಲಿ ಬಿರುಗಾಳಿ ಕುಸಿದಳು. ಅವಳನ್ನು ಎಬ್ಬಿಸುವ ಗಡಿಬಿಡಿಯಲ್ಲಿ ಮೈ ಎತ್ತ ತಿರುಗಿತೋ ಗೊತ್ತಾಗಲಿಲ್ಲ. ಕೈ ಚಾಚಿದರೆ ದಾರಿಯಿರಬೇಕಾದ ಕಡೆ ಪೆಟ್ಟಿಗೆಗಳ ಗೋಡೆ. ಈ ಕಡೆ ತಿರುಗಿದರೂ ಗೋಡೆ. ಬೇರೆ ಯಾರೇ ಆಗಿದ್ದರೂ ವಾಸನೆ ಎತ್ತ ಕಡಿಮೆಯೋ ಅತ್ತ ಹೋಗುತ್ತಿದ್ದರು. ಅವಳಿಗೆ ಎಲ್ಲ ದಿಕ್ಕೂ ಒಂದೇ. ಉಸಿರೆಳೆದಲ್ಲೆಲ್ಲ ಉರಿ, ಅಷ್ಟೇ. ಇಲ್ಲೇ ಮುಗಿಯಿತು ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು. ಇವಳ ಹೆಣ್ಣುಮಕ್ಕಳಲ್ಲಿ ದೊಡ್ಡವಳ ವಯಸ್ಸೆಷ್ಟು ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಆಗ ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದು ಕೇಳಿತು. ಢಣ್, ಢಣ್, ಢಣ್. ಯಾರೋ ಬಾಗಿಲ ಚೌಕಟ್ಟಿಗೆ ಸರಳಿನಿಂದ ಬಡಿಯುತ್ತಿದ್ದರು. "ಈ ಕಡೆ! ಸದ್ದಿನ ಕಡೆ ಬನ್ನಿ!" ಅದು ಮೇಸ್ತ್ರಿಯ ದನಿ. ಕಣ್ಣು ಮುಚ್ಚಿಕೊಂಡೇ ಅವಳು ಆ ಬಡಿತದ ಕಡೆಗೆ ಮೈಯನ್ನೂ, ಮೈಗೆ ಜೋತುಬಿದ್ದವಳನ್ನೂ ಎಳೆದುಕೊಂಡು ನಡೆದಳು. ಮುಖವಾಡ ಹಾಕಿದ ಯಾರದೋ ಕೈ ಅವಳ ತೋಳು ಹಿಡಿಯಿತು.

ಅಂಗಳದ ನಲ್ಲಿಯ ಕೆಳಗೆ ಇಬ್ಬರನ್ನೂ ಕೂರಿಸಿ ಕಾಲು ಗಂಟೆ ಕಣ್ಣಿಗೆ ನೀರು ಬಿಟ್ಟರು. ಆಮೇಲೆ ಆಂಬುಲೆನ್ಸ್ ಬಂತು.

ರುಚಿಯಕ್ಕನನ್ನು ಮರುದಿನ ಮನೆಗೆ ಕಳಿಸಿದರು. ಖರೀದಿದಾರರ ಭೇಟಿ ಮುಂದಕ್ಕೆ ಹೋಗಿತ್ತು. ಬಿರುಗಾಳಿಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಗಂಟಲು ಸುಟ್ಟಿತ್ತು, ಮೂರು ದಿನ ಮಾತಾಡಕೂಡದು ಎಂದಿದ್ದರು. ಇತ್ತ ಕೆಲಸದ ಜಾಗದಲ್ಲಿ ಬೇರೆಯೇ ಕತೆ ಹಬ್ಬಿತ್ತು. ನಾಲ್ಕನೇ ಕೋಣೆಯಲ್ಲಿ ಗ್ಯಾಸು ಪತ್ತೆ ಮಾಡುವ ಯಂತ್ರವನ್ನು ರಿಪೇರಿಗೆಂದು ಬಿಚ್ಚಿದ್ದರಂತೆ, ಯಂತ್ರ ಇಲ್ಲದಿದ್ದರೇನು, ರುಚಿಯಕ್ಕನ ಮೂಗು ಇತ್ತಲ್ಲ! ಮ್ಯಾನೇಜರ್ ಮನೆಗೇ ಬಂದು ಗಂಡನ ಮುಂದೆ ಅದನ್ನೇ ಹೇಳಿದ. ಗಂಡ ಅಂಗಡಿ ಮುಚ್ಚಿ ಬಂದವನು ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಬಾಗಿಲ ಬಳಿ ನಿಂತಿದ್ದ ಅತ್ತೆ ಮಾತ್ರ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಕೋಣೆಯಿಂದ ಹೊರಬಂದ ಮೇಲೂ ಅವಳ ಹೆದರಿಕೆ ಹೋಗಿರಲಿಲ್ಲ, ಅದಕ್ಕೆ ಇನ್ನಷ್ಟು ಕೈಕಾಲು ಬಂದಿತ್ತು. ಮೂರು ದಿನ ಮುಗಿದರೆ ಬಿರುಗಾಳಿ ಬಾಯಿ ಬಿಡುತ್ತಾಳೆ. ಬಿಡದಿದ್ದರೆ ಈ ಸುಳ್ಳು ಹೊಗಳಿಕೆಯನ್ನು ಹೊತ್ತೇ ಬದುಕಬೇಕು. ಅದನ್ನು ನೆನೆದರೆ ಇನ್ನೂ ಭಯ.

ನಾಲ್ಕನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದಳು. ವಾರ್ಡಿನ ಹೊರಗೆ ಕೂತಿದ್ದ ದೊಡ್ಡ ಮಗಳು ಎದ್ದು ಬಂದು ಕೈ ಹಿಡಿದು, "ನೀವಿಲ್ಲದಿದ್ರೆ ಅಮ್ಮ…" ಎಂದವಳು ಮುಂದೆ ಹೇಳಲಾರದೆ ಅತ್ತಳು. ರುಚಿಯಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಬಿರುಗಾಳಿ ಕೈ ಚಾಚಿ ಅವಳ ಕೈ ಹುಡುಕಿಕೊಂಡಳು. ಒಡೆದ ಕೊಳಲಿನಂಥ ಪಿಸುದನಿ. "ಅಕ್ಕಾ, ನೀವು ಮರದ ವಾಸನೆ ಅಂದ್ರಲ್ಲ. ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ."

ಅಲ್ಲಿಗೆ ರುಚಿಯಕ್ಕನ ಕೈಲಿ ತಡೆದುಕೊಳ್ಳಲಾಗಲಿಲ್ಲ. "ನಿನ್ನ ಮೂಗು ಸರಿಯಾಗೇ ಇತ್ತು. ನಂದೇ ಇಲ್ಲ. ಜ್ವರ ಬಂದಾಗಿಂದ ನಂಗೆ ಯಾವ ವಾಸನೇನೂ ಬರ್ತಿಲ್ಲ ಕಣೇ. ಗೊತ್ತಾಗ್ಬಾರ್ದು ಅಂತ ಸುಳ್ಳು ಹೇಳಿದೆ."

ಪಕ್ಕದ ಮಂಚದವರ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಬಿರುಗಾಳಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಪಟ್ಟಿ ಕಟ್ಟಿದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ರುಚಿಯಕ್ಕ ಅಲ್ಲಿಂದ ನೇರವಾಗಿ ಮ್ಯಾನೇಜರ್ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಒಂದು ಮಾತು ಹೇಳಬಾರದಿತ್ತೇನಕ್ಕಾ?" ಎಂದ. ಆಮೇಲೆ, ಜ್ವರದ ನಂತರ ಅವಳು ಒಪ್ಪಿಗೆ ಕೊಟ್ಟ ಹಣ್ಣನ್ನೆಲ್ಲ ಮತ್ತೆ ತೆಗೆಸಿ ನೋಡಿಸಿದ. ಎರಡು ತಿಂಗಳು ಧಾರಾಳವಾಗಿ ಇಡಬಹುದು ಎಂದಿದ್ದ ಗೋಲ್ಡನ್ ಒಳಗೆ ಕಂದುಗಟ್ಟಿತ್ತು.

ಡಾಕ್ಟರ್ ಮೂಗಿಗೆ ಔಷಧಿ ಬರೆದುಕೊಟ್ಟು, ಬಂದರೂ ಬಂದೀತು, ತಿಂಗಳುಗಳಾಗಬಹುದು ಎಂದರು. ಕೆಲಸದಿಂದ ಅವಳನ್ನು ತೆಗೆಯಲಿಲ್ಲ. ರುಚಿಯ ಮೇಜಿನಿಂದ ಎಬ್ಬಿಸಿ, ಹಣ್ಣಿನ ಗಟ್ಟಿತನ ಅಳೆಯುವ ಮೇಜಿಗೆ ಕೂರಿಸಿದರು. ಜನ ಎದುರಾದಾಗ ಏನೆಂದು ಕರೆಯುವುದೋ ತಿಳಿಯದೆ ಒಂದು ಕ್ಷಣ ತಡವರಿಸಿ, ಬರೀ "ಅಕ್ಕಾ" ಎನ್ನತೊಡಗಿದರು.

ಐದು ವಾರದ ಮೇಲೆ ಬಿರುಗಾಳಿ ಕೆಲಸಕ್ಕೆ ಮರಳಿದಳು. ದನಿ ಗೊಗ್ಗರಾಗಿತ್ತು. ಬೆಂಚಿನ ಆ ತುದಿಯಲ್ಲಿ ಬೇರೆಯವರ ಜೊತೆ ಕೂತು ಡಬ್ಬಿ ಬಿಚ್ಚಿದಳು. ಗಾಡಿಯನ್ನು ಈಗ ಅವಳು ನಡೆದುಹೋಗುವವರ ವೇಗಕ್ಕೆ ಓಡಿಸುತ್ತಿದ್ದಳು. ಒಂದೊಂದು ಕೋಣೆಯ ಬಾಗಿಲಲ್ಲೂ ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಏನಾದ್ರೂ ವಾಸನೆ ಬರ್ತಿದೆಯಾ ನೋಡಿ" ಎಂದು ಕೇಳುತ್ತಿದ್ದಳು. ಇಲ್ಲ ಎಂದರೂ ಇನ್ನೊಬ್ಬರನ್ನು ಕೇಳುತ್ತಿದ್ದಳು. ಕೆಲವರು ನಗತೊಡಗಿದ್ದರು. ರುಚಿಯಕ್ಕ ಅದನ್ನು ತನ್ನ ಮೇಜಿನಿಂದ ದಿನವೂ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕಾರಿಡಾರಿನಲ್ಲಿ ಇನ್ಯಾರೂ ಇರಲಿಲ್ಲ. ನಾಲ್ಕನೇ ಕೋಣೆಯ ಮುಂದೆ ಗಾಡಿ ನಿಂತು ಹತ್ತು ನಿಮಿಷವಾಗಿತ್ತು. ರುಚಿಯಕ್ಕ ಎದ್ದು ಹೋದಳು. ಬಾಗಿಲು ತೆರೆದಿತ್ತು, ಚಳಿ ಹೊರಕ್ಕೆ ಹರಿಯುತ್ತಿತ್ತು. ಬಿರುಗಾಳಿ ಸ್ಟೀರಿಂಗ್ ಹಿಡಿದ ಕೈ ಬಿಡದೆ ಕತ್ತಲ ಓಣಿಯನ್ನೇ ನೋಡುತ್ತಿದ್ದಳು.

"ಹಣ್ಣಿನ ವಾಸನೆ ಬಿಟ್ರೆ ಏನೂ ಇಲ್ಲ ಅನ್ಸತ್ತೆ" ಎಂದಳು, ಅವಳ ಕಡೆ ತಿರುಗದೆ. ಆಸ್ಪತ್ರೆಯ ನಂತರ ಆಡಿದ ಮೊದಲ ಮಾತು. "ಆದ್ರೆ ಅನ್ಸಿದ್ದನ್ನ ನಂಬೋಕೆ ಭಯ. ಅವತ್ತೂ ಅನ್ಸಿತ್ತಲ್ಲ, ಆದ್ರೂ ಒಳಗೆ ಹೋದೆ."

"ಅವತ್ತು ನಿಂಗೆ ಅನ್ಸಿದ್ದೇ ನಿಜ. ಇವತ್ತೂ ಅಷ್ಟೇ" ಎಂದಳು ರುಚಿಯಕ್ಕ. "ನನ್ನನ್ನ ಕೇಳಬೇಡ. ನಂಗೆ ಗೊತ್ತಾಗಲ್ಲ. ನಾನು ಬಾಗಿಲು ಹಿಡ್ಕೊಂಡು ನಿಲ್ತೀನಿ, ಅಷ್ಟು ಮಾತ್ರ ನನ್ನ ಕೈಲಾಗತ್ತೆ."

ಬಿರುಗಾಳಿ ಮತ್ತೊಮ್ಮೆ ಉಸಿರೆಳೆದಳು. ಗಾಡಿ ಅಳುಕುತ್ತಾ ಒಳಗೆ ಸರಿಯಿತು, ಮೊದಲ ಸಾಲು ದಾಟಿತು, ತಿರುವಿನಲ್ಲಿ ಮರೆಯಾಯಿತು. ರುಚಿಯಕ್ಕ ಭಾರದ ಬಾಗಿಲಿಗೆ ಬೆನ್ನು ಕೊಟ್ಟು, ಫ್ಯಾನುಗಳ ಭೋರ್ಗರೆತದ ನಡುವೆ ಗಾಡಿಯ ಸದ್ದನ್ನು ಕಿವಿಯಿಂದ ಹಿಡಿದುಕೊಂಡು ನಿಂತಳು. ಸದ್ದು ಒಮ್ಮೆ ನಿಂತಿತು. ಅವಳು ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಎಣಿಕೆ ಹನ್ನೊಂದಕ್ಕೆ ಬಂದಾಗ ಗಾಡಿ ಮತ್ತೆ ಚಲಿಸಿತು, ಮತ್ತು ಅದು ಬಾಗಿಲ ಕಡೆಗೇ ಬರುತ್ತಿತ್ತು.